ಸಿಂಗಲ್ ಫೇಸ್ ವರ್ಲ್ಡ್ ಟೂರ್

ಸ್ವಿಚ್ ಒತ್ತೂದು, ಒತ್ತಿ ಮಂಗನ ಹಾಗೆ ತಲೆ ಅಲ್ಲಾಡ್ಸೂದು, ಇಷ್ಟೇ ನಮ್ಮ ರಾಘುನ ಕೆಲಸ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ್ನಿಗೆ ಮತ್ತೆಂತ ಬರ್ತದೆ ಹೇಳಿ—ಅತೀಕ ಮೈಕಿನಲ್ಲಿ ಹಾಗೆಂದದ್ದೇ ತಡ ಕಿರವತ್ತಿಯ ಢಾಬಾದ ಅಂಗಳ ಪೂರ್ತಿ ನಕ್ಕಿತು, ರೊಟ್ಟಿ ಬಡಿಯುವವನೂ ಕೈ ನಿಲ್ಲಿಸಿ ನಕ್ಕ, ನಿಂತ ಲಾರಿಯ ಮೇಲೆ ಕೂತವರು ಶಿಳ್ಳೆ ಹೊಡೆದರು, ಕೀಬೋರ್ಡಿನ ಹಿಂದಿದ್ದ ರಾಘುವಿನ ಕಿವಿ ಕಾದ ಕಾವಲಿಯಾಯಿತು, ನಗು, ನೀನೂ ನಗು ಅತೀಕ, ಮೈಕು ನಿನ್ನ ಕೈಯಲ್ಲಿದೆಯಲ್ಲ, ಕೋಲಸಿರ್ಸಿಯಲ್ಲಿ ಅನ್ನಲಿಲ್ಲ, ಶಿರಸಿಯಲ್ಲಿ ಅನ್ನಲಿಲ್ಲ, ಉಮ್ಮಚಗಿಯಲ್ಲೂ ಬಾಯಿ ಮುಚ್ಚಿಕೊಂಡಿದ್ದೆ, ಟೂರಿನ ಕೊನೆಯ ದಿನ, ಇಷ್ಟು ಜನರ ಎದುರು ಅನ್ನಬೇಕೆ—ಆದರೆ ಬೆರಳುಗಳಿಗೆ ಮಾನ ಮರ್ಯಾದೆ ಇಲ್ಲ, ಅವು ಆಗಲೇ ಹಾಡು ಶುರುಮಾಡಿದ್ದವು, ಹೊಸ ಆಲ್ಬಮ್ಮಿನ ಕಡೆಯ ಹಾಡು, ಘಾಟಿಯಲ್ಲಿ ಎದುರುಬದುರಾದ ಎರಡು ಲಾರಿಗಳದ್ದು, ಧಿಂ ಧಿಂ ಎಂದು ತಳದ ಸದ್ದು, ಅದರ ಮೇಲೆ ಉದ್ದಕ್ಕೆ ಎಳೆದ ಕೂಗು, ಅದನ್ನು ಅತೀಕನ ಅಪ್ಪ ಚಾಂದ್ ಪಾಷಾ ಚಾಚಾನ ಗೂಡ್ಸ್ ಗಾಡಿಯ ರಿವರ್ಸ್ ಹಾರ್ನಿನಿಂದ ಫೋನಿಗೆ ಹಿಡಿದು, ಹಿಗ್ಗಿಸಿ, ಮೆತ್ತಗೆ ಮಾಡಿದ್ದು ಯಾರು, ಈ ಸ್ವಿಚ್ ಒತ್ತುವವನೇ, ಅರೆ ಬೇಟಾ, ನನ್ನ ಗಾಡಿ ಹಿಂದೆ ಹೋಗೂ ಸಪ್ಪಳಕ್ಕೆ ಜನ ಕುಣೀತಾರಾ, ಎಂದು ಚಾಚಾ ಬಾಯಿ ಬಿಟ್ಟಿದ್ದ, ಆ ಗಾಡಿಯ ಬೆನ್ನಿಗೇ ಈಗ ಇವರಿಬ್ಬರ ಬ್ಯಾಂಡಿನ ಪೋಸ್ಟರು, ಸಿಂಗಲ್ ಫೇಸ್, ವರ್ಲ್ಡ್ ಟೂರ್, ಮೂರು ತಾಲೂಕು ತಿರುಗಿದ್ರೆ ಎಂತ ವರ್ಲ್ಡೋ ಎಂದು ರಾಘು ಅಂದಿದ್ದಕ್ಕೆ, ಮಸ್ಕತ್ತಿನಲ್ಲಿ ನಮ್ಮ ಅಪ್ಪನ ತಂಗಿ ಖತೀಜಾ ಫುಫ್ಫು ಫೋನಲ್ಲಿ ಲೈವ್ ನೋಡ್ತಾಳಲ್ಲ ಮಾರಾಯ, ಒಬ್ಬಳು ಹೊರದೇಶದವಳಿದ್ರೆ ಸಾಕು, ವರ್ಲ್ಡ್ ಆಯ್ತು, ಎಂದು ಕಣ್ಣು ಹೊಡೆದಿದ್ದ ಅತೀಕ, ಇಂಥವನ ಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು—ನಿಲ್ಲಲಿ, ಇವತ್ತೊಂದು ದಿನ ನಿಲ್ಲಲಿ.

ಸ್ವಿಚ್ಚಂತೆ ಸ್ವಿಚ್ಚು. ಯಾವ ಸ್ವಿಚ್ಚೆಂದು ಗೊತ್ತಾ ನಿನಗೆ, ಎಡಗೈ ಹತ್ತಿರದ ಈ ಸಣ್ಣ ಪೆಟ್ಟಿಗೆ, ಹಸಿರು ದೀಪದ್ದು, ನಿನ್ನ ಮೈಕಿನ ವಯರು ಇದರೊಳಗೆ ಹಾದು ಬರ್ತದೆ, ನೀನು ಎಕೋ ಎಕೋ ಅಂತೀಯಲ್ಲ, ಎಕೋ ಅಲ್ಲವೋ ಇದು, ನಿನ್ನ ಶ್ರುತಿ ಜಾರಿದಲ್ಲೆಲ್ಲ ರಟ್ಟೆ ಹಿಡಿದೆತ್ತಿ ಸ್ವರದ ಮೇಲೆ ಕೂರಿಸುವ ಮಿಷಿನ್ನು—ದನಿ ಚೆಂದವೇ, ಬೆಲ್ಲದ ನೀರಿನಂಥದ್ದು, ಮೇಲೆ ಹತ್ತಿದರೆ ಮಾತ್ರ ನಿಲ್ಲುವುದಿಲ್ಲ, ಶಿರಸಿಯ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೊದಲ ಹಾಡು ರೆಕಾರ್ಡ್ ಮಾಡಿದಾಗಲೇ ರಾಘುವಿಗೆ ತಿಳಿದಿತ್ತು, ಹೇಳಲು ಬಾಯಿ ಬರಲಿಲ್ಲ, ಸರಿಮಾಡಿ ಕೇಳಿಸಿದ, ಅತೀಕ ಹೆಡ್‌ಫೋನ್ ತೆಗೆಯಲೇ ಇಲ್ಲ, ಮತ್ತೊಂದ್ಸಲ, ಮತ್ತೊಂದ್ಸಲ, ಕಣ್ಣಲ್ಲಿ ನೀರು, ಇದು ನಂದೇ ದನಿಯೇನೋ ರಾಘು, ಶಾಲೆಲಿ ಪ್ರಾರ್ಥನೆಗೆ ಬಾಯಿ ತೆಗೆದ್ರೆ ಮಾಸ್ತರು ಹಿಂದಿನ ಸಾಲಿಗೆ ಕಳಿಸ್ತಿದ್ರು ಮಾರಾಯ, ನಂದೇನೋ ಇದು, ನಿಂದೇ, ಮತ್ಯಾರದ್ದೋ, ಎಂದುಬಿಟ್ಟ ರಾಘು, ಅಂದು ಆಡಿದ ಆ ಒಂದು ಮಾತನ್ನು ಪ್ರತಿ ಶೋನಲ್ಲೂ ಇದೇ ಬೆರಳಿನಿಂದ ಕಾಯುತ್ತ ಬಂದಿದ್ದಾನೆ, ಹಾಡಿಗಿಂತ ಮೊದಲು ಹಸಿರು ದೀಪ ನೋಡುತ್ತಾನೆ, ಮಂಗನ ಹಾಗೆ ತಲೆ ಅಲ್ಲಾಡಿಸುವುದು ಆಮೇಲೆ—ಬಂತು, ಹತ್ತುವ ಸಾಲು ಬಂತು, ನೀ ದೀಪ ತಗ್ಗಿಸು ಗೆಳೆಯಾ, ನಾನೂ ತಗ್ಗಿಸುವೆ, ಎರಡನೆಯ ಸಲ ಅದು ಮೇಲಕ್ಕೇರಬೇಕು, ಇಷ್ಟೇ ಇವ್ನ ಕೆಲಸ, ಇಷ್ಟೇ ಇವ್ನ ಕೆಲಸ, ನೋಡು ಹಾಗಾದರೆ, ಕೆಲಸ ನಿಲ್ಲಿಸಿದರೆ ಏನಾಗ್ತದೆ ನೋಡು—ಒತ್ತಿದ. ದೀಪ ಹೋಯಿತು.

ದನಿ ಬಿದ್ದ ಬಗೆಯನ್ನು ಅವನು ನೋಡಿದಂತೆಯೇ ಕೇಳಿದ, ಅರ್ಧ ಹತ್ತಿ, ತಡಕಾಡಿ, ಪಕ್ಕಕ್ಕೆ ಜಾರಿ, ಒಡೆದು, ಲಾರಿಯ ಮೇಲಿನಿಂದ ಯಾರೋ ಕೂಗಿದರು, ಏ ತಮ್ಮಾ, ಗಂಟ್ಲ ಹರೀತಲೇ, ಒಂದ್ ಚಾ ಕುಡದ ಬಾ, ಮತ್ತೆ ಅದೇ ನಗು, ಈಗ ಹೇಳು, ಈಗ ಮಂಗ ಯಾರು, ರಾಘು ಖುಷಿಗಾಗಿ ಕಾದ, ಬರಲಿಲ್ಲ ಅದು, ಅತೀಕ ಹಾಡು ಬಿಟ್ಟು ನಿಂತಿದ್ದ, ಹಿಂದೆ ತಿರುಗಿ ಬೈಯಲಿಲ್ಲ, ಪೆಟ್ಟಿಗೆಯ ಕಡೆ ನೋಡಲೂ ಇಲ್ಲ, ಗಂಟಲ ಮೇಲೆ ಕೈಯಿಟ್ಟುಕೊಂಡ, ತಪ್ಪಾಯ್ತು ಅಣ್ಣಂದ್ರೇ, ನನ್ನ ಗಂಟಲೇ ಕೈಕೊಡ್ತು, ಮಿಷಿನ್ದು ಎಂತ ಇಲ್ಲ, ಹಿಂದೆ ರಾಘು ಇದ್ದಾಗ ಮಿಷಿನ್ ತಪ್ಪೂದೇ ಇಲ್ಲ—ಯಾರು ಕೇಳಿದರು ನಿನ್ನ, ಯಾರು ಕೇಳಿದರು ಇದನ್ನೆಲ್ಲ ಹೇಳು ಅಂತ, ಬೆರಳು ತಾನಾಗಿ ಒತ್ತಿತು, ಹಸಿರು ದೀಪ ಬಂತು, ಸಾಲು ಏರಿತು, ನಿಂತಿತು, ಹಾಡು ಮುಗಿಯಿತು, ಚಪ್ಪಾಳೆ, ಫೋನಿನೊಳಗಿಂದ ಫುಫ್ಫುವಿನ ಮಾಷಾ ಅಲ್ಲಾ, ಅತೀಕ ಯಾವುದನ್ನೂ ಕೇಳಿಸಿಕೊಳ್ಳದೆ ಹಿಂದೆ ಬಂದ, ಕೈ ಇನ್ನೂ ಗಂಟಲ ಮೇಲೆಯೇ, ನಂಗೆ ಎಂತಾಯ್ತೋ ರಾಘು, ಒಮ್ಮೆಲೇ ಎಲ್ಲೋಯ್ತೋ ನನ್ನ ದನಿ, ನಿಂಗೆ ಕೇಳ್ತಲ್ಲ, ಹೇಳೋ—ಹೇಳಿದರೆ ಈಗ ತಿರುಗಿ ಬಂದ ದನಿಯನ್ನೂ ಕಿತ್ತುಕೊಂಡ ಹಾಗೆ, ಹೇಳದಿದ್ದರೆ ಇವತ್ತಿನಿಂದ ತನ್ನ ಗಂಟಲಿಗೇ ಹೆದರುತ್ತಾನೆ ಇವನು, ರಾಘು ವಯರು ಸುತ್ತಿ ಹೆಗಲಿಗೆ ಹಾಕಿದ, ಅಂಗಳ ದಾಟಿದ, ಗಾಡಿಯನ್ನೂ ದಾಟಿದ, ರಾಘೂ, ಹೇಳೋ ಮಾರಾಯ, ಲಾರಿಯೊಂದು ಧೂಳೆಬ್ಬಿಸಿ ಹೋಯಿತು, ಅವನು ತಿರುಗಲಿಲ್ಲ, ತಿರುಗದಿದ್ದರೂ ಕಾಣುತ್ತಿದೆ, ಗಂಟಲ ಮೇಲಿನ ಆ ಕೈ, ಹೆಬ್ಬೆರಳು ಮೆಲ್ಲಗೆ ಒತ್ತಿ ನೋಡುತ್ತಿದೆ, ಒಳಗೆ ಇದೆಯೋ ಇಲ್ಲವೋ ಎಂದು, ಗಂಟಲ ಮೇಲಿನ ಕೈ, ಒತ್ತಿ ನೋಡುತ್ತಿದೆ, ಆ ಕೈ—