ಅಂಟಿಸಿದ ಅಧ್ಯಾಯ

ಹಬೆ ಬೆರಳ ಗೆಣ್ಣಿಗೆ ತಗುಲಿ ಚುರುಕ್ ಎಂದಿತು, ಎಂದರೆ ಎನ್ನಲಿ, ಕೈ ತೆಗೆಯುವುದಿಲ್ಲ, ಕೆಟಲ್ಲಿನ ಮೂತಿಗೆ ಪುಸ್ತಕದ ಅಂಚನ್ನು ಇನ್ನಷ್ಟು ಹತ್ತಿರ ಹಿಡಿದಳು, ಮಧ್ಯಾಹ್ನ ಮೂರೂಕಾಲು, ಹಾಸ್ಟೆಲ್ಲಿನ ಈ ಮಹಡಿಯಲ್ಲಿ ಒಂದು ನರಪಿಳ್ಳೆಯಿಲ್ಲ, ಎಲ್ಲರೂ ತರಗತಿಯಲ್ಲಿ, ನಾಲ್ಕಕ್ಕೆ ಅಮ್ಮ ವಿಡಿಯೋ ಫೋನು ಮಾಡುತ್ತಾಳೆ, ಅಷ್ಟರೊಳಗೆ ಈ ಹದಿನಾಲ್ಕು ಪುಟ ಬಿಡಿಸಬೇಕು, ಬಿಡಿಸಿ ಒಂದೊಂದೇ ಪುಟ ಹಿಡಿದು ಕೇಳಬೇಕು, ಇದರಲ್ಲಿ ಪಾಪ ಎಲ್ಲಿತ್ತಮ್ಮಾ, ಯಾವ ಸಾಲಲ್ಲಿತ್ತು, ಹೇಳು — ಗಣಿತದ ಹದಿಮೂರನೇ ಅಧ್ಯಾಯ, ಸಂಭವನೀಯತೆ, ಮೂರು ವರ್ಷದ ಹಿಂದೆ ಅಮ್ಮನೇ ಗೋಂದು ಬಳಿದು ಮುಚ್ಚಿದ್ದು, ಏಳು ಹಾಳೆ ಸೇರಿ ಒಂದು ರಟ್ಟು, ಪುಸ್ತಕ ಎಲ್ಲಿ ತೆರೆದರೂ ಅಲ್ಲಿಗೇ ಬಂದು ಬೀಳುತ್ತಿತ್ತು, ಅವಳು ಅದಕ್ಕೇ ಪೆನ್ಸಿಲ್ ಒರಗಿಸಿಡುತ್ತಿದ್ದಳು, ಅದರೊಳಗೆ ಏನಿದೆ ಎಂದು ಒಂದು ದಿನವೂ ಕೇಳಲಿಲ್ಲ, ಯಾರನ್ನು ಕೇಳುವುದು, ಅವಳಿಗೂ ತಮ್ಮನಿಗೂ ಊಟದ ಮೇಜೇ ಶಾಲೆ, ಅಮ್ಮನೇ ಟೀಚರು, ಅಮ್ಮನೇ ಹೆಡ್‌ಮಿಸ್ಸು, ಪ್ರಶ್ನೆಪತ್ರಿಕೆ ಬರೆಯುವವಳೂ ಅವಳೇ ತಿದ್ದುವವಳೂ ಅವಳೇ, ದಾಳ ಉರುಳ್ಸೋದು, ಇಸ್ಪೀಟೆಲೆ ಎಳೆಯೋದು, ಇದು ಲೆಕ್ಕ ಅಲ್ಲ ಮಗಳೇ, ಜೂಜು, ಶಿಲುಬೆ ಕೆಳಗೆ ಕೂತು ಕರ್ತನ ಬಟ್ಟೆಗೆ ಚೀಟಿ ಹಾಕಿದವರ ವಿದ್ಯೆ, ನಮ್ಮ ಮನೆಗೆ ಬೇಡ, ಅಂದಳು, ಮುಗಿಯಿತು, ಮರುದಿನ ಹದಿನಾಲ್ಕನೇ ಅಧ್ಯಾಯ.

ನಂಬಿದ್ದಳಲ್ಲ, ಅದು ಉರಿಯುವುದು, ಅಕ್ಷರಕ್ಷರ ನಂಬಿದ್ದಳು, ಕಾಲೇಜಿನ ಮೊದಲ ವಾರದ ಪರೀಕ್ಷೆಯಲ್ಲಿ ಹತ್ತಕ್ಕೆ ನಾಲ್ಕು ಪ್ರಶ್ನೆ ದಾಳದ್ದೇ, ಅವಳು ದುಂಡು ಅಕ್ಷರದಲ್ಲಿ ಬರೆದಳು, ಇವು ಜೂಜಿಗೆ ಸಂಬಂಧಿಸಿದ ಪ್ರಶ್ನೆಗಳಾದ್ದರಿಂದ ಉತ್ತರಿಸಿಲ್ಲ, ಬರೆದು ಕೆಳಗೆ ಗೆರೆ ಬೇರೆ ಎಳೆದಳು, ಅಮ್ಮ ಕಲಿಸಿದ ಹಾಗೆ, ಅಡಿಪಟ್ಟಿ ಇಟ್ಟು — ನೆನೆದರೆ ಈಗಲೂ ಕಿವಿ ಕಾಯುತ್ತದೆ, ಗಣಿತದ ಮೇಷ್ಟ್ರು ಪಾದ್ರಿ, ನೆಲ ಗುಡಿಸುವ ಬಿಳಿ ನಿಲುವಂಗಿ, ಉತ್ತರಪತ್ರಿಕೆ ಎತ್ತಿ ಹಿಡಿದು, ಯಾರಮ್ಮಾ ಇದು ಬರೆದದ್ದು, ಹೆದರ್ಬೇಡ, ನಾನೇನು ಜೂಜಿನ ಅಡ್ಡೆ ಇಟ್ಟಿಲ್ಲ, ಅಂದರು, ಅಂದವರೇ ನಿಲುವಂಗಿಯ ಜೇಬಿನಿಂದ ಎರಡು ದಾಳ ತೆಗೆದು ಮೇಜಿನ ಮೇಲೆ ಉರುಳಿಸಿದರು, ಒಂದು ಕೆಂಪು ಒಂದು ಬಿಳಿ, ಹಿಂದಿನ ಗೋಡೆಯಲ್ಲಿ ಶಿಲುಬೆ, ಸಿಡಿಲು ಬೀಳಲಿಲ್ಲ, ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು, ನಗಬೇಡ್ರೇ, ಕರ್ತನಿಗೆ ದ್ರೋಹ ಮಾಡಿ ಹೋದವನ ಜಾಗಕ್ಕೆ ಹನ್ನೆರಡನೇ ಶಿಷ್ಯನ್ನ ಆರಿಸಿದ್ದೂ ಚೀಟಿ ಹಾಕೇ, ಎಂದರು ಪಾದ್ರಿ, ಅದು ಅವಳಿಗೂ ಗೊತ್ತಿತ್ತು, ಆ ವಾಕ್ಯ ಬಾಯಿಪಾಠ, ಅಮ್ಮನೇ ಹೇಳಿಕೊಟ್ಟದ್ದು, ಅಮ್ಮನಿಗೂ ಗೊತ್ತಿತ್ತು ಎಂದಾಯಿತಲ್ಲ, ಗೊತ್ತಿದ್ದೂ ಬಟ್ಟೆಯ ಚೀಟಿಯನ್ನಷ್ಟೇ ಹೇಳಿ ಶಿಷ್ಯನ ಚೀಟಿಯನ್ನು ನುಂಗಿದಳು — ಶನಿವಾರ ಪರೀಕ್ಷೆಗೆ ಇನ್ನೊಂದ್ಸಲ ಕೂತ್ಕೊ, ಆವತ್ತೂ ಆಗ್ಲಿಲ್ಲ ಅಂದ್ರೆ ಸಂಖ್ಯಾಶಾಸ್ತ್ರದಲ್ಲಿ ಇಟ್ಕೊಳ್ಳೋಕಾಗಲ್ಲ ಮಗೂ, ಗೃಹವಿಜ್ಞಾನದಲ್ಲಿ ಜಾಗ ಇದೆ, ಅಂದರು ಪಾದ್ರಿ, ಎಷ್ಟು ಮೆಲ್ಲಗೆ ಅಂದರು, ಬೈದಿದ್ದರೇ ವಾಸಿಯಿತ್ತು, ಸಂಜೆಯೊಳಗೆ ಹೆಸರು ಅಂಟಿತು, ಏ ಅಡುಗೆಮನೆ ಯೂನಿವರ್ಸಿಟಿ, ಎನ್ನುತ್ತಾಳೆ ಪಕ್ಕದ ಮಂಚದವಳು, ನಾಣ್ಯ ಮುಟ್ಟಿದ್ರೆ ನಿಂಗೆ ಮಡಿ ಹೋಗುತ್ತೇನೇ, ಕೆಟ್ಟವಳಲ್ಲ, ಕೆಟಲ್ಲು ಅವಳದೇ, ಲೈಬ್ರರಿಯಲ್ಲಿ ಇದೇ ಪುಸ್ತಕ ಆರಿದೆ ಕಣೇ, ಸುಮ್ನೆ ಇದನ್ಯಾಕೆ ಬೇಯಿಸ್ತೀಯ, ಅಂದಳು, ಲೈಬ್ರರಿಯದು ಓದಲಿಕ್ಕೆ, ಓದುತ್ತಿದ್ದಾಳೆ, ಆದರೆ ಅಮ್ಮನ ಮುಂದೆ ಹಿಡಿಯಲಿಕ್ಕೆ ಇದೇ ಬೇಕು.

ಗೃಹವಿಜ್ಞಾನ, ಆ ಮಾತು ಪಾದ್ರಿಯ ಬಾಯಿಂದ ಬಂದಾಗ ಕಿವಿಗೆ ಬಿದ್ದದ್ದು ಅಮ್ಮನ ದನಿ, ಮೂರು ಕಾಲೇಜಿನ ಪುಸ್ತಿಕೆ ಅದೇ ಊಟದ ಮೇಜಿನ ಮೇಲೆ, ಮೂರೂ ಕ್ರೈಸ್ತ ಕಾಲೇಜೇ, ಬೇರೆ ಮಾತೇ ಇಲ್ಲ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಅಪ್ಪ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾನೆ, ಮುರಿದ ಮೂಳೆ ಹುಡುಕುವ ಹಾಗೆ, ಇದರಲ್ಲಿ ಹುಡುಗ ಹುಡುಗೀರು ಒಂದೇ ಕಟ್ಟಡ, ತೆಗಿ, ಇದರಲ್ಲಿ ದೇವಾಲಯ ಇರೋದು ಫೋಟೋಕ್ಕೆ ಮಾತ್ರ, ತೆಗಿ, ಇದು ಪರವಾಗಿಲ್ಲ, ಗೋಡೆ ಮೇಲೆ ಶಿಲುಬೆ, ಗೇಟಲ್ಲಿ ವಾರ್ಡನ್ನು, ಇನ್ನೇನು ಬೇಕು, ಅಮ್ಮ ಅಂದಳು, ಗೃಹವಿಜ್ಞಾನ ತಗೊ, ಅಂಕಿಸಂಖ್ಯೆ ಎಲ್ಲ ಯಾಕೆ ನಿಂಗೆ, ಅವಳು ಜನ್ಮದಲ್ಲಿ ಮೊದಲ ಸಲ ಇಲ್ಲ ಅಂದಳು, ಸಂಖ್ಯಾಶಾಸ್ತ್ರವೇ ಬೇಕು, ಅಪ್ಪ ನಕ್ಕ, ನೋಡೇ ನಿನ್ನ ಶಿಷ್ಯೆ ನಿಂಗೇ ತಿರುಗಿಬಿದ್ಲು, ಅಮ್ಮ ನಗಲಿಲ್ಲ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಳಗೆ ಹೋದಳು — ಅದನ್ನು ಅವಳು ಮುನಿಸು ಅಂದುಕೊಂಡಿದ್ದಳು, ದಡ್ಡಿ, ಈಗ ಗೊತ್ತಾಗುತ್ತಿದೆ, ಅದು ನಿಶ್ಚಿಂತೆ, ಹೋಗಲಿ ಬಿಡು, ಹೇಗೂ ಮುಗ್ಗರಿಸುತ್ತಾಳೆ, ಹದಿಮೂರನೇ ಅಧ್ಯಾಯಕ್ಕೆ ಬಂದು ಎಡವುತ್ತಾಳೆ, ಮೂರು ವರ್ಷ ಮೊದಲೇ ಗುಂಡಿ ತೋಡಿ ಮೇಲೆ ದೇವರ ಹೆಸರು ಹಾಸಿಟ್ಟಿದ್ದಳು, ಹೌದು, ಇದನ್ನೇ ಹೇಳಬೇಕು, ಇದೇ ಮಾತು, ನಾಲ್ಕಕ್ಕೆ, ಹಲೋ ಎನ್ನಲಿಕ್ಕೂ ಬಿಡಬಾರದು, ಊಟ ಆಯ್ತಾ ಎಂದು ಶುರು ಮಾಡುತ್ತಾಳೆ, ಶುರು ಮಾಡಲು ಬಿಡಬಾರದು — ಬಿಟ್ಟಿತು, ಮೂಲೆ ಬಿಟ್ಟಿತು, ಗೋಂದು ಮೂಗಿನ ಸಿಂಬಳದಂತೆ ಎಳೆ ಎಳೆಯಾಗಿ, ನಿಧಾನ, ಹರಿಯಬಾರದು, ಮೊದಲ ಹಾಳೆ ಚರ್ಮ ಸುಲಿದಂತೆ ಎದ್ದು ಬಂತು.

ತಾರೀಖು. ಮೂಲೆಯಲ್ಲಿ ಅಮ್ಮನ ಕೈಬರಹದ ತಾರೀಖು, ಪಾಠ ಮುಗಿದ ದಿನ ಹಾಕುತ್ತಿದ್ದಳಲ್ಲ, ಅದೇ, ಆದರೆ ಪಾಠ ಆಗಲೇ ಇಲ್ಲ, ಮತ್ತೆ ಒಂದಲ್ಲ, ಒಂದರ ಕೆಳಗೊಂದು, ಎಣಿಸಿದಳು, ಒಂಬತ್ತು, ಹತ್ತು, ಹನ್ನೊಂದು ತಾರೀಖು, ಹನ್ನೊಂದು ದಿನ, ಆ ಎರಡು ವಾರ ಮಕ್ಕಳಿಗೆ ರಜ ಕೊಟ್ಟು ಅಮ್ಮ ಬೆಳಗ್ಗೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಪ್ರಾರ್ಥನೆಗೆ ಕೂತಿದ್ದೀನಿ, ಬರ್ಬೇಡ್ರಿ — ಅಂಚಿನ ತುಂಬ ಪೆನ್ಸಿಲ್, ಇರುವೆ ಸಾಲಿನಂಥ ಅಂಕಿಗಳು, ಎರಡು ದಾಳ ಉರುಳಿಸಿದರೆ ಎಷ್ಟು ಬಗೆ, ಒಂದು ಒಂದು, ಒಂದು ಎರಡು, ಒಂದು ಮೂರು, ಎಣಿಸಿ ಕೆಳಗೆ ಇಪ್ಪತ್ತೊಂದು, ಪುಸ್ತಕದ ಹಿಂದಿನ ಉತ್ತರ ಮೂವತ್ತಾರು, ಅಳಿಸಿದ್ದಾಳೆ, ಮತ್ತೆ ಮೊದಲಿಂದ, ಮತ್ತೆ ಇಪ್ಪತ್ತೊಂದು, ಪಕ್ಕದಲ್ಲಿ ಸಣ್ಣದಾಗಿ, ಇಪ್ಪತ್ತೊಂದೇ ಬರುತ್ತಿದೆ, ಅಷ್ಟೆ, ಯಾರಿಗೆ ಬರೆದದ್ದು — ಕೆಂಪಿನಲ್ಲಿ ಒಂದು ಬಿಳಿಯಲ್ಲಿ ಎರಡು ಬೇರೆ, ಕೆಂಪಿನಲ್ಲಿ ಎರಡು ಬಿಳಿಯಲ್ಲಿ ಒಂದು ಬೇರೆ, ಅಷ್ಟೇ ಅಮ್ಮ, ಎರಡನ್ನೂ ಬೇರೆ ಬೇರೆ ಎಣಿಸಬೇಕು, ಎರಡು ನಿಮಿಷದ ಮಾತು, ಆ ಊರಿನಲ್ಲಿ ಕೇಳಲು ಯಾರೂ ಇರಲಿಲ್ಲವೇ, ಶಾಲೆಗಳಿದ್ದವು, ಮೇಷ್ಟ್ರುಗಳಿದ್ದರು, ಅವರ ಮುಂದೆ ಹೇಗೆ ಹೋಗುತ್ತಾಳೆ, ನಿಮ್ಮ ಶಾಲೆ ಬೇಡ ಎಂದು ಮಕ್ಕಳನ್ನು ಬಿಡಿಸಿಕೊಂಡು ಬಂದವಳು, ಹೋಗಬೇಕಿತ್ತು, ಇಲ್ಲ ನನ್ನನ್ನಾದರೂ ಕೂಗಬೇಕಿತ್ತು, ಬಾರೇ ನಂಗಿದು ತಿಳೀತಿಲ್ಲ, ಇಬ್ರೂ ಕೂತು ನೋಡೋಣ ಅನ್ನಬೇಕಿತ್ತು, ಅಂದಿದ್ದರೆ ನಾನೇನು ನಗುತ್ತಿದ್ದೆನಾ, ಗೊತ್ತಿಲ್ಲ ಅಂದ್ರೆ ಬೈಯಲ್ಲ, ಸುಳ್ಳು ಹೇಳಿದ್ರೆ ಬೈತೀನಿ, ಅನ್ನುತ್ತಿದ್ದವಳು ನೀನೇ ಅಲ್ಲವೇ, ದೇವರ ಮೇಲೆ ಯಾಕೆ ಹಾಕಿದೆ, ನಾನು ಅದನ್ನು ಗೆರೆ ಎಳೆದು ಬರೆದೆನಲ್ಲ, ಅರವತ್ತು ಜನರ ಮುಂದೆ — ಮೂರನೇ ಹಾಳೆ, ಇಲ್ಲಿ ಅಂಕಿಯಿಲ್ಲ, ಅಳಿಸಿದ್ದು ಮಾತ್ರ, ಒಂದೇ ಜಾಗದಲ್ಲಿ ರಬ್ಬರು ಉಜ್ಜಿ ಉಜ್ಜಿ ಕಾಗದ ಸವೆದು ತೂತಾಗಿದೆ, ಕಡಲೆಕಾಳಿನಷ್ಟು ತೂತು, ಫೋನು ಬಡಿದುಕೊಳ್ಳುತ್ತಿದೆ, ನಾಲ್ಕು ಗಂಟೆ, ಅಮ್ಮ ಎಂದು ಬೆಳಗುತ್ತಿದೆ, ಏನೋ ಹೇಳಬೇಕಿತ್ತು, ಗುಂಡಿ ತೋಡಿ, ಮೇಲೆ, ಮೇಲೆ ಏನು, ಆ ತೂತು, ಅದರ ಸುತ್ತ ಮಸಿ ಬಳಿದ ಹಾಗೆ ಬೆರಳ ಗುರುತು, ಫೋನು ನಿಂತಿತು, ಮತ್ತೆ ಶುರುವಾಯಿತು, ಎತ್ತಬೇಕು, ಎತ್ತಿ, ಆ ತೂತು, ಕಾಗದ ಹರಿಯುವವರೆಗೆ ಉಜ್ಜಿದ ಆ ಬೆರಳು —