ಎದ್ದೇಳದೆ ಉಣ್ಣುವ ಹರಕೆ

ಎರಡು ತಲೆಯ ಒಂದು ಬೆಟ್ಟವಿತ್ತಂತೆ. ಎರಡೂ ತಲೆಗಳು ರಾತ್ರಿ ಒಂದೇ ಮೋಡ ಹೊದ್ದು ಮಲಗುತ್ತಿದ್ದವಂತೆ, ಆದರೆ ಬೆಳಗಾದರೆ ಒಂದರ ಮುಖ ಇನ್ನೊಂದು ನೋಡುತ್ತಿರಲಿಲ್ಲವಂತೆ. ಆ ಚಿಂಚೊಂತೆಪೆಕ್ ಎಂಬ ಬೆಂಕಿಬೆಟ್ಟದ ಬುಡದ ಊರಿನಲ್ಲಿ ಇಬ್ಬರು ಅಕ್ಕತಂಗಿಯರು ಒಂದೇ ಬೀದಿಯಲ್ಲಿ ಪುಪುಸಾ ಎಂಬ ಹೂರಣ ತುಂಬಿದ ಮೆಕ್ಕೆಜೋಳದ ರೊಟ್ಟಿಯ ಅಂಗಡಿ ಇಟ್ಟುಕೊಂಡಿದ್ದರು. ಮೇಲೆ, ಇಗರ್ಜಿಯ ಪಕ್ಕದಲ್ಲಿ ಅಕ್ಕ ತೊಮಾಸಾಳದು. ಕೆಳಗೆ, ಬಸ್ಸು ನಿಲ್ಲುವಲ್ಲಿ ತಂಗಿ ಹಸಿಂತಾಳದು. ನಡುವೆ ಇದ್ದದ್ದು ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆ ಇಳಿದು ತೊಮಾಸಾ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಂಗಿಯ ಅಂಗಡಿಯೊಳಗೆ ಕಾಲಿಟ್ಟಿರಲಿಲ್ಲ.

ಮೊದಲು ಇಬ್ಬರೂ ತಾಯಿಯ ಒಂದೇ ಕಾವಲಿಯ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು ತಟ್ಟಿದವರೇ. ಒಂದು ವರ್ಷ ಹಸಿಂತಾ ಬಸ್ಸಿನಿಂದ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಸೊಟ್ಟಗೆ ಕೂಡಿತು. ಊರ ಸಂತನ ಹಬ್ಬದ ದಿನ ಅಂಗಡಿಯ ತುಂಬ ಜನ, ಅವಳ ಕೈಯಲ್ಲಿ ಉಂಡೆ ಒಡೆದು ಹೂರಣ ಸುರಿಯಿತು. ತೊಮಾಸಾ ಎಲ್ಲರೆದುರಿಗೆ ಕಣಕವನ್ನು ತಂಗಿಯ ಕೈಯಿಂದ ಕಿತ್ತುಕೊಂಡು, "ಕೊಡಿಲ್ಲಿ, ನಿನ್ನ ಕೈಲಾಗಲ್ಲ" ಎಂದಳು. ಹಸಿಂತಾ ಕೈ ತೊಳೆದಳು, ಏಪ್ರನ್ ಬಿಚ್ಚಿ ಗೂಟಕ್ಕೆ ನೇತುಹಾಕಿದಳು, ಹೊರಟುಹೋದಳು.

"ನಾನು ಸಹಾಯ ಮಾಡಿದ್ದಲ್ವಾ?" ಎಂದು ತೊಮಾಸಾ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಕೇಳದವರಿಗೂ ಹೇಳುತ್ತಿದ್ದಳು.

ಹೋದ ವರ್ಷ ತೊಮಾಸಾಳ ಮಗಳು ಯಾನ್ಸಿಗೆ ಎರಡು ದಿನ ಹೆರಿಗೆ ನೋವು. ಆಸ್ಪತ್ರೆಯ ಮೊಗಸಾಲೆಯಲ್ಲಿ ತೊಮಾಸಾ ಕಾರ್ಮೆನ್ ಮಾತೆಗೆ ಹರಕೆ ಹೊತ್ತಳು. "ತಾಯೀ, ಎರಡು ಜೀವ ಉಳಿಸಿಕೊಡು. ಹಸಿಂತಾಳ ಅಂಗಡಿಗೆ ಹೋಗಿ ಕೂತು, ಅವಳು ಬಡಿಸಿದ್ದನ್ನೆಲ್ಲ ಎದ್ದೇಳದೆ ಉಣ್ತೀನಿ." ಮಾತೆ ತಡಮಾಡಲಿಲ್ಲ. ಬೆಳಗಾಗುವಷ್ಟರಲ್ಲಿ ಹೆಣ್ಣುಮಗು ಕಿರುಚಿಕೊಂಡೇ ಹುಟ್ಟಿತು.

ತಡಮಾಡಿದ್ದು ತೊಮಾಸಾ. ಮೊದಲು ಪಕ್ಕದ ಮನೆಯವರ ಕೈಲಿ ತಂಗಿಯ ಅಂಗಡಿಯಿಂದ ಮೂರು ಪುಪುಸಾ ಕಟ್ಟಿಸಿ ತರಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ತಿಂದಳು. ಅವತ್ತೇ ಮಗುವಿಗೆ ಹೊಟ್ಟೆನೋವು. ಆಮೇಲೆ ಒಂದು ಮಂಗಳವಾರ ಹೋಗಿ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಂದಳು.

"ಅಮ್ಮಾ, ಮಂಗಳವಾರ ಚಿಕ್ಕಮ್ಮ ಅಂಗಡಿ ತೆಗೆಯಲ್ಲ ಅಂತ ಊರಿಗೇ ಗೊತ್ತು" ಎಂದಳು ಯಾನ್ಸಿ. "ಮಾತೆಗೆ ಮಾತ್ರ ಗೊತ್ತಿಲ್ಲ ಅಂದ್ಕೊಂಡ್ಯಾ?"

"ಹೋಗ್ತೀನಿ ಕಣೆ. ಕಾಲುನೋವು ಒಂಚೂರು ಕಮ್ಮಿಯಾಗ್ಲಿ."

"ನಾಳೆ ಮಗುವಿಗೆ ದೀಕ್ಷಾಸ್ನಾನ. ಸಾಲ ಇಟ್ಕೊಂಡು ಆ ತಾಯಿ ಮುಂದೆ ಹೆಂಗೆ ನಿಲ್ತೀಯೋ ನಿಲ್ಲು."

ಆ ಮಾತು ನಾಟಿತು. ಶನಿವಾರ ಸಂಜೆ ಐದಕ್ಕೆ ತೊಮಾಸಾ ತನ್ನ ಕಾವಲಿಯ ಬೆಂಕಿ ಆರಿಸಿ, ತಲೆ ಬಾಚಿಕೊಂಡು, ಇನ್ನೂರು ಹೆಜ್ಜೆ ಇಳಿದಳು.

ಹಸಿಂತಾಳ ಅಂಗಡಿಯಲ್ಲಿ ನಾಲ್ಕು ಮೇಜು, ಮೇಜಿಗೊಂದು ಹುಳಿ ಬರಿಸಿದ ಎಲೆಕೋಸಿನ ಭರಣಿ. ತೊಮಾಸಾ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ಬಸ್ ಡ್ರೈವರ್ ಲಿಸಾಂದ್ರೊ ತಿನ್ನುತ್ತಿದ್ದ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದ.

"ಅಯ್ಯೋ ದೇವರೇ! ಇವತ್ತು ಬೆಟ್ಟ ಬೆಂಕಿ ಉಗುಳೋದು ಖಾತ್ರಿ."

"ನೀನು ಬಾಯಿ ಮುಚ್ಕೊಂಡು ತಿನ್ನು" ಎಂದಳು ತೊಮಾಸಾ.

"ಮುಚ್ಕೊಂಡು ಹೆಂಗಕ್ಕ ತಿನ್ಲಿ?"

ಹಸಿಂತಾ ಕಾವಲಿಯಿಂದ ತಲೆ ಎತ್ತಿದಳು. ಅವಳ ಕೂದಲೂ ಬೆಳ್ಳಗಾಗಿತ್ತು. ಅದನ್ನು ತೊಮಾಸಾಳಿಗೆ ಯಾರೂ ಹೇಳಿರಲಿಲ್ಲ.

"ಏನು ಬೇಕು?"

"ನೀನು ಕೊಟ್ಟಿದ್ದು."

"ಇದು ಆಸ್ಪತ್ರೆಯಲ್ಲ. ಯಾವುದು, ಎಷ್ಟು, ಹೇಳ್ಬೇಕು."

"ಲೊರೊಕೊ ಮೊಗ್ಗಿಂದು, ಎರಡು."

"ಕಾಯ್ಬೇಕಾಗುತ್ತೆ."

ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು, ಹತ್ತು ಹನ್ನೆರಡು ಜನ ಒಟ್ಟಿಗೇ ನುಗ್ಗಿದರು. ಹಸಿಂತಾ ಎಣ್ಣೆನೀರಿನಲ್ಲಿ ಕೈ ಅದ್ದಿ ತಟ್ಟಲು ಶುರುಮಾಡಿದಳು. ತೊಮಾಸಾ ಕಣ್ಣು ಮುಚ್ಚಿದರೂ ಕಿವಿ ಮುಚ್ಚಲಾಗಲಿಲ್ಲ. ಚಟ್ ಚಟ್. ನಿಂತಿತು. ಚಟ್. ಮತ್ತೆ ಚಟ್ ಚಟ್, ಮತ್ತೆ ನಿಂತಿತು. ತಾಯಿ ಕಲಿಸಿದ ತಟ್ಟು ಹೀಗಲ್ಲ, ಅದು ಹೆಂಚಿನ ಮೇಲೆ ಸುರಿವ ಮಳೆಯ ಹಾಗೆ ಎಡೆಬಿಡದೆ ಬೀಳಬೇಕು. ಕೈ ಸೋತಿದೆ ಇವಳದು, ಅಂದುಕೊಂಡಳು. ಇಷ್ಟು ಜನಕ್ಕೆ ಒಬ್ಬಳೇ ಹೇಗೆ ಮಾಡುತ್ತಾಳೆ? ತೊಮಾಸಾಳ ಅಂಗೈಗಳು ಮಡಿಲಲ್ಲೇ ತುರಿಸತೊಡಗಿದವು.

ಕಾವಲಿಯ ಮೇಲೆ ಒಂದು ಪುಪುಸಾ ಒಡೆಯಿತು. ಒಳಗಿನ ಚೀಸ್ ಚುರ್ರೆಂದು ಹರಿಯಿತು.

ತೊಮಾಸಾ ಕುರ್ಚಿಯಿಂದ ಇನ್ನೇನು ಏಳುವುದರಲ್ಲಿದ್ದಳು, ಕುರ್ಚಿ ಕಿರ್ರೆಂದಿತು. ಅಂಗಡಿಯ ಸದ್ದೆಲ್ಲ ಅಡಗಿತು. ಹಸಿಂತಾ ತಿರುಗಲಿಲ್ಲ, ಆದರೆ ಅವಳ ಕತ್ತು ಮರದ ಕೊರಡಿನಂತೆ ಬಿಗಿಯಿತು. ಹೊಡೆತ ಬೀಳುವುದನ್ನು ಕಾಯುವವರ ಕತ್ತು ಹಾಗಿರುತ್ತದೆ. ಅವತ್ತೂ ಈ ಕತ್ತು ಹೀಗೇ ಇತ್ತೇ? ಅವತ್ತು ತೊಮಾಸಾ ನೋಡಿದ್ದು ಕಣಕವನ್ನು ಮಾತ್ರ.

ಎರಡು ಕೈಯನ್ನೂ ತೊಡೆಯ ಕೆಳಗಿಟ್ಟು, ಅದರ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಕೂತಳು.

"ಏನಕ್ಕ, ಚಳೀನಾ?" ಎಂದ ಬೆವರು ಒರೆಸಿಕೊಳ್ಳುತ್ತ ಲಿಸಾಂದ್ರೊ.

"ಹೂಂ, ಚಳಿ."

"ಆ ಒಡೆದದ್ದು ನಂಗಿರ್ಲಿ, ಹಸಿಂತಕ್ಕಾ!" ಬಸ್ಸಿನಿಂದ ಇಳಿದ ಒಬ್ಬಳು ಕೂಗಿದಳು.

"ಹೋದ ಸಲಾನೂ ನೀನೇ ಹೊಡ್ಕೊಂಡೆ!" ಎಂದ ಇನ್ನೊಬ್ಬ.

ಲಿಸಾಂದ್ರೊ ತೊಮಾಸಾಳತ್ತ ಬಾಗಿ ದನಿ ತಗ್ಗಿಸಿದ. "ಬೇಕಂತಲೇ ಒಡೀತಾಳಕ್ಕ. ಚೀಸ್ ಹೊರಗೆ ಬಂದು ಗರಿಗರಿ ಸೀಯುತ್ತಲ್ಲ, ಅದಕ್ಕೇ ಇಷ್ಟು ಜನ."

ಆಗ ತೊಮಾಸಾ ಸರಿಯಾಗಿ ನೋಡಿದಳು. ಎಡಗೈ ತಟ್ಟುತ್ತಿರಲಿಲ್ಲ. ಸೊಟ್ಟ ಮಣಿಕಟ್ಟಿನ ಗುಳಿಯಲ್ಲಿ ಉಂಡೆ ಕೂತಿತ್ತು, ಬಲಗೈ ಎರಡು ಸಲ ತಟ್ಟಿ, ನಿಂತು, ಉಂಡೆಯನ್ನು ತಿರುಗಿಸಿ, ಮೂರನೆಯ ಸಲ ತಟ್ಟುತ್ತಿತ್ತು. ಅದು ಸೋತ ಕೈಯ ಸದ್ದಲ್ಲ. ಈ ಕೈಯೇ ಕಟ್ಟಿಕೊಂಡ ತಾಳ.

ಎಲ್ಲರಿಗೂ ಬಡಿಸಿಯಾದ ಮೇಲೆ ಹಸಿಂತಾ ತಟ್ಟೆ ತಂದಿಟ್ಟಳು. ತೊಮಾಸಾ ಎಲೆಕೋಸು ಹರಡಿಕೊಂಡು, ಬಿಸಿಗೆ ಬೆರಳು ಊದಿಕೊಳ್ಳುತ್ತ ಮುರಿದು ತಿಂದಳು. ಅಂಚು ಎಲೆಯಷ್ಟು ತೆಳು, ಹೂರಣ ಮಾತ್ರ ಅಂಚಿನವರೆಗೂ.

"ಇಷ್ಟು ತೆಳುವಾಗಿ ಹೆಂಗೆ ಮಾಡ್ತೀಯ?"

ತೊಮಾಸಾ ಜೀವಮಾನದಲ್ಲಿ ತಂಗಿಯನ್ನು ಕೇಳಿದ ಮೊದಲ ಪ್ರಶ್ನೆ ಅದು. ಹಸಿಂತಾ ಎದುರಿನ ಕುರ್ಚಿ ಎಳೆದು ಕೂತಳು.

"ಹರಕೆಯಂತೆ. ಯಾನ್ಸಿ ಹೇಳಿದ್ಲು. ಬಡಿಸಿದ್ದನ್ನೆಲ್ಲ ತಿನ್ಬೇಕಂತೆ."

"ಹೂಂ."

"ಹರಕೆಗೋಸ್ಕರ ಬಂದ್ಯೋ, ನನಗೋಸ್ಕರ ಬಂದ್ಯೋ?"

ತೊಮಾಸಾ ತುತ್ತು ನುಂಗಿದಳು. "ಮೇಣದಬತ್ತಿ ಹರಕೆ ಹೊರಬಹುದಿತ್ತು, ಮಂಡಿಯೂರಿ ನಡೀಬಹುದಿತ್ತು. ಎರಡು ಜೀವ ಕೇಳ್ತಿದ್ದೆ ಕಣೆ. ಅಷ್ಟು ಬೆಲೆಬಾಳೋದು ನನ್ನ ಹತ್ರ ಬೇರೆ ಏನೂ ಇರ್ಲಿಲ್ಲ." ತಟ್ಟೆಯಿಂದ ತಲೆ ಎತ್ತಿ ಹೇಳಿದಳು. "ಅವತ್ತು ನಿನ್ನ ಕೈಯಿಂದ ಕಿತ್ಕೋಬಾರದಿತ್ತು."

"ಎಲ್ಲರೆದುರಿಗೆ."

"ಎಲ್ಲರೆದುರಿಗೆ. ಯಾರೂ ಇಲ್ಲದಿದ್ರೂ ಕಿತ್ಕೋಬಾರದಿತ್ತು."

ಹಸಿಂತಾ ಎದ್ದು ಕಾವಲಿಯ ಕಡೆ ಹೋದಳು. ಚಟ್ ಚಟ್, ಚಟ್. ಕರಿದ ಹಂದಿಮಾಂಸ ಅರೆದು ತುಂಬಿದ ಒಂದು ದಪ್ಪ ಪುಪುಸಾ ತಂದು ತಟ್ಟೆಗೆ ಹಾಕಿದಳು. ಅದು ಮುಗಿಯುವ ಮುಂಚೆ ಕುಂಬಳದ್ದೊಂದು.

"ಸಾಯಿಸ್ತೀಯೇನೆ?"

"ಹನ್ನೊಂದು ವರ್ಷದ್ದು ಬಾಕಿ ಇದೆ. ಮಾತೆ ನೋಡ್ತಿದ್ದಾಳೆ, ತಿನ್ನು."

"ಅಕ್ಕಾ, ಒಂದು ಚೂರು ನಂಗೆ ದಾಟಿಸು, ಯಾರೂ ನೋಡಲ್ಲ" ಎಂದ ಲಿಸಾಂದ್ರೊ.

"ಕೈ ಚಾಚಿದ್ರೆ ಸೌಟಲ್ಲಿ ಬೀಳುತ್ತೆ!" ಎಂದಳು ಹಸಿಂತಾ. ಅವಳ ಬಾಯಂಚಿನಲ್ಲಿ ನಗು ಇಣುಕಿತ್ತು.

ತೊಮಾಸಾ ಸೊಂಟದ ಪಟ್ಟಿ ಸಡಿಲಿಸಿಕೊಂಡಳು. ಒಂದು ಚೂರು, ನೀರು, ಇನ್ನೊಂದು ಚೂರು. ಹೊರಗೆ ಲಿಸಾಂದ್ರೊನ ಬಸ್ಸು ಹಾರ್ನ್ ಹೊಡೆದರೂ ಹತ್ತಬೇಕಾದವರು ಹತ್ತದೆ ನಿಂತು ನೋಡುತ್ತಿದ್ದರು. ಡ್ರೈವರನೇ ಒಳಗಿದ್ದ, ಹಾರ್ನ್ ಹೊಡೆದವರು ಯಾರೋ. ಕೊನೆಯ ಚೂರಿನಿಂದ ತಟ್ಟೆಯ ಎಣ್ಣೆಯನ್ನೂ ಉಳಿದ ಎಲೆಕೋಸಿನ ಎಳೆಯನ್ನೂ ಬಳಿದು ಬಾಯಿಗಿಟ್ಟುಕೊಂಡಳು, ನಿಧಾನವಾಗಿ ಅಗಿದಳು, ನುಂಗಿದಳು. ಎದ್ದೇಳಲಿಲ್ಲ. ಖಾಲಿ ತಟ್ಟೆಯನ್ನು ಎರಡು ಕೈಯಲ್ಲೂ ಎತ್ತಿ ತಂಗಿಗೆ ತೋರಿಸಿದಳು.