ಕೌದಿ ಹಾಸಿದ ಸೀಟು

"ಅಂಕಲ್, ಆ ಗಾಡಿ ಒಂಚೂರು ಹಿಂದ ತಗೋರಿ. ಫೋಟೋದಾಗ ಬರಾಕತ್ತೈತಿ!" ಕ್ಯಾಮೆರಾದಿಂದ ಕಣ್ಣು ತೆಗೆಯದೆ ಖುಷ್ಬು ಕೂಗಿದಳು.

ಕಳಕಪ್ಪ ತನ್ನ ಹೊಸ ಪಿಕಪ್ಪನ್ನು ನವಲಿ ಕಾಲುವೆಯ ಏರಿಯ ಮೇಲೆ ಇನ್ನಷ್ಟು ಹಿಂದಕ್ಕೆ ಸರಿಸಿದ. ಬೆಳಿಗ್ಗೆಯೇ ತೊಳೆದು, ಮುಂದೆ ಚೆಂಡುಹೂವಿನ ಮಾಲೆ ಕಟ್ಟಿ ತಂದಿದ್ದ. ಮುಂದಿನ ತಿಂಗಳು ಮದುವೆಯಾಗಲಿರುವ ಮಗಳು ಅಮೃತಾ ಅತ್ತ ನೋಡಲೇ ಇಲ್ಲ. ಅವಳು ಒರಗಿ ನಿಂತಿದ್ದು ಹೊಸಪೇಟೆಯಿಂದ ಬಾಡಿಗೆಗೆ ತರಿಸಿದ್ದ ಕೆಂಪು ಸ್ಪೋರ್ಟ್ಸ್ ಕಾರಿಗೆ. ಹೆಚ್ಚುಕಡಿಮೆ ಅವಳಷ್ಟೇ ವಯಸ್ಸಿನ ಕಾರು, ಮೈ ಮಾತ್ರ ಮಿರಿಮಿರಿ. ಅಜ್ಜಿ ಭೀಮಕ್ಕನ ಕಥೆಗಳಲ್ಲಿ ರಾಜಕುಮಾರಿಯನ್ನು ಏಳು ಕೆರೆ ದಾಟಿಸುವ ಕೆಂಪು ಕುದುರೆಯೊಂದಿತ್ತು. ಅದಕ್ಕೆ ಬಾಗಿಲುಗಳಿದ್ದಿದ್ದರೆ ಹೀಗೇ ಇರುತ್ತಿತ್ತೇನೋ.

"ಮಾವಾರ ಗಾಡಿ ಮುಂದೂ ಒಂದು ಫೋಟೋ ತೆಗಸೋಣೇನು?" ಅಂದ ಮದುಮಗ ಸಿದ್ದಲಿಂಗೇಶ. "ಇದರಾಗ ಕುಂತರ ನನ್ನ ಮೊಣಕಾಲು ಗದ್ದಕ್ಕ ಬರ್ತಾವ."

"ಬ್ಯಾಡ್ರಿ. ಅದರಾಗ ಕುರಿ ವಾಸನಿ ಹೊಡಿತೈತಿ."

ಅಮೃತಾ ಹೇಳಿ ತಿರುಗಿದರೆ, ನೀರಿನ ಬಾಟಲಿ ಹಿಡಿದು ಅಪ್ಪ ನಾಲ್ಕೇ ಹೆಜ್ಜೆ ದೂರದಲ್ಲಿ ನಿಂತಿದ್ದ. ಬಾಟಲಿಯನ್ನು ಅವಳ ಕೈಗಿತ್ತು, ಪಿಕಪ್ಪಿನತ್ತ ಹೋದ. ಕುರಿ ಹೇರುತ್ತಿದ್ದದ್ದು ಮಾರಿಬಿಟ್ಟ ಹಳೆಯ ಗಾಡಿಯಲ್ಲಿ. ಈ ಹೊಸದನ್ನು ಅವಳು ಒಮ್ಮೆಯೂ ಹತ್ತಿರಲಿಲ್ಲ.

ಗದ್ದೆಯ ಹಸಿರಿನಲ್ಲಿ ಇನ್ನೊಂದು ಫೋಟೋ ಎಂದು ಏರಿಯಿಂದ ಇಳಿಯಹೋದ ಕಾರು, ದಿಬ್ಬಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತುಬಿಟ್ಟಿತು.

"ಸಿದ್ದು ಅಣ್ಣಾ, ನಿಮ್ಮ ಮೊಣಕಾಲಿನ ಭಾರ ನೋಡ್ರಿ ಅದು!" ಖುಷ್ಬು ಬಿದ್ದುಬಿದ್ದು ನಕ್ಕಳು.

ಯಾರೂ ಕರೆಯುವ ಮೊದಲೇ ಕಳಕಪ್ಪ ಪಿಕಪ್ಪನ್ನು ಮುಂದಕ್ಕೆ ತಂದು ಹಗ್ಗ ಬಿಗಿದಿದ್ದ. "ಅಳಿಯಾರ, ನೀವು ಸ್ಟೇರಿಂಗ್ ಹಿಡೀರಿ. ಯವ್ವಾ, ನೀ ಇಳಿ, ಭಾರ ಕಮ್ಮಿ ಆಗಲಿ. ಬಿಸಲಾಗ ನಿಂದ್ರಬ್ಯಾಡ, ಇಲ್ಲಿ ಬಂದು ಕುಂದ್ರು."

ಬಾಗಿಲು ತೆರೆದರೆ, ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು. ಅದರ ಮೇಲೆ ಅಜ್ಜಿಯ ಕೌದಿ, ನಾಲ್ಕು ಮಡಿಕೆ ಮಾಡಿ ಹಾಸಿದ್ದು.

"ಕೌದಿ ಯಾಕಪ್ಪಾ?"

"ಪ್ಲಾಸ್ಟಿಕ್ ಕಾಯ್ತೈತಿ. ರೇಷ್ಮಿ ಸೀರಿ ನಿಂದು."

"ಇನ್ನಾ ತಗದೇ ಇಲ್ಲಲ್ಲ?"

"ನಿಮ್ಮಜ್ಜಿ ಬಿಡವಲ್ಲಳು. ಮನಿ ಹೆಣ್ಣಮಗಳು ಮೊದಲು ಕುಂದ್ರಲಿ, ಆಮ್ಯಾಲೆ ಏನರ ಹೇರು ಅಂತಾಳ. ಹನ್ನೆರಡು ದಿನ ಆತು, ಖಾಲಿನ ತಿರಗಾಕತ್ತೀನಿ." ಗೇರು ಹಾಕಿದ. ಏನೋ ನೆನಪಾದವನಂತೆ ಅವಳ ಕಡೆಯ ಗಾಜನ್ನು ಪೂರ್ತಿ ಇಳಿಸಿದ. "ಗಾಳಿ ಬರಲಿ. ವಾಸನಿ ಅಂದೆಲ್ಲ."

ಆ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವಳು ಏನಾದರೂ ತಿರುಗಿ ಹೇಳಬಹುದಿತ್ತು.

ಹಗ್ಗ ಬಿಗಿಯಾಯಿತು. ಹಿಂದೆ ಕೆಂಪು ಕಾರು ಕರಕರ ಎನ್ನುತ್ತ ಎದ್ದಿತು. ಅಮೃತಾ ಗಾಜಿನ ಗುಂಡಿ ಒತ್ತಿದಳು. ಗಾಜು ಮೆಲ್ಲಗೆ ಮೇಲೇರಿತು. ಒಳಗೆ ಉಳಿದದ್ದು ಹೊಸ ಪ್ಲಾಸ್ಟಿಕ್ಕಿನ ವಾಸನೆ, ಅಜ್ಜಿಯ ಟ್ರಂಕಿನ ನುಸಿಗುಳಿಗೆಯ ವಾಸನೆ. ಗಾಜು ಮೇಲೆ ಮುಟ್ಟಿ ನಿಂತ ಮೇಲೂ ಅವಳು ಗುಂಡಿಯಿಂದ ಬೆರಳು ತೆಗೆಯಲಿಲ್ಲ.